ಮೈಲುತುತ್ತು ಹಾಕದ ಗೋಂದು

ಕಳೆದ ವಾರ ಮಣಿಪಾಲದಲ್ಲಿ ಒಂದು ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತುವಾಗ ಕುದಿಯುವ ಮೈದಾ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಈಗಲೂ ಅದನ್ನು ಕುದಿಸುವವರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಹಳೆಯ ಅರ್ಜಿಯ ಫೈಲು ಹಿಡಿದು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟೆ.

ಉಡುಪಿಯಲ್ಲಿ ನನ್ನ ಡಿಟಿಪಿ ಅಂಗಡಿಯ ಪಕ್ಕದಲ್ಲಿ ಕಾಕನ ಬೈಂಡಿಂಗ್ ಅಂಗಡಿ ಇತ್ತು. ಕಾಪುವಿನ ಬ್ಯಾರಿ ಮುಸ್ಲಿಂ ಮನೆತನದವರು, ಎಪ್ಪತ್ತು ದಾಟಿದವರು. ಊರಿಗೆಲ್ಲ ಕಾಕ, ನನಗೂ ಕಾಕ. ಕುದಿಸಿದ ಗೋಂದಿಗೆ ಚಿಟಿಕೆ ಮೈಲುತುತ್ತು, ಅದೇ ಆ ನೀಲಿ ವಿಷದ ಹರಳು, ಹಾಕದೆ ಅವರು ಬ್ರಷ್ ಮುಟ್ಟುತ್ತಿರಲಿಲ್ಲ. "ಮೈದಾ ಅಂದರೆ ಹುಳಕ್ಕೆ ಊಟ ಮಗಳೇ. ವಿಷ ಹಾಕದೆ ಹಚ್ಚಿದರೆ ನಾವೇ ಕರೆದು ಬಡಿಸಿದ ಹಾಗೆ," ಎನ್ನುತ್ತಿದ್ದರು.

ಒಂದು ದಿನ ಕಲ್ಯಾಣಪುರದ ಮನೆಯೊಂದರ ಮರಿಮಗ ತನ್ನ ಮುತ್ತಜ್ಜನ ದಿನಚರಿಯನ್ನು ಬೈಂಡಿಗೆ ತಂದುಕೊಟ್ಟ. ಆ ಅಜ್ಜ ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕುತ್ತಿದ್ದವರಂತೆ. ಕಾಪುವಿನಿಂದ ಬಜಗೋಳಿಯ ತನಕ ಯಾರು ಬಾಗಿಲು ತೆರೆದರು, ಯಾರು ಮಕ್ಕಳನ್ನು ಅಡಗಿಸಿಟ್ಟರು, ಯಾರು ಉಳಿಯಲಿಲ್ಲ ಎಂಬುದನ್ನೆಲ್ಲ ಬರೆದಿಟ್ಟಿದ್ದರು. ಕಾಪುವಿನ ಪುಟದಲ್ಲಿ ಮನೆಯ ಹೆಸರಿನ ಸಮೇತ ಕಾಕನ ಅಜ್ಜಿ ಇದ್ದಳು. ಏಳು ವರ್ಷದ ಹುಡುಗಿ, ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳ ಹಿಂದೆ ಅಡಗಿಸಿಟ್ಟಿದ್ದರೂ ತಾನಾಗಿಯೇ ಹೊರಬಂದು ತೋಳು ಚಾಚಿದಳು ಎಂದು ನಾಲ್ಕು ಸಾಲು. ಅವಳ ಒಂದು ಫೋಟೊ ಇಲ್ಲ, ಗೋರಿಯ ಮೇಲೆ ಹೆಸರಿಲ್ಲ. ಕಾಕ ಆ ಸಾಲುಗಳನ್ನು ಓದಿ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಇದನ್ನು ಅಚ್ಚು ಹಾಕಿಸಲೇಬೇಕೆಂದು ಹೊರಟರು. ಪರಿಚಯದ ವಕೀಲರು ತಣ್ಣೀರೆರಚಿದರು. ಬರೆದವರು ಸತ್ತು ಎಷ್ಟು ಕಾಲವಾದರೂ ಅಚ್ಚಾಗದ ಬರಹದ ಹಕ್ಕು ವಾರಸುದಾರರಲ್ಲೇ ಉಳಿಯುತ್ತದೆ, ಮರಿಮಗನೊಬ್ಬ ಒಪ್ಪಿದರೆ ಸಾಲದು, ಎಲ್ಲರ ಒಪ್ಪಿಗೆ ಬೇಕು. ವರ್ಷಗಳ ಎಣಿಕೆ ಶುರುವಾಗುವುದೇ ಅಚ್ಚಾದ ಮೇಲೆ. ಸಾರ್ವಜನಿಕ ಲೈಬ್ರರಿಯಲ್ಲಿದ್ದರೆ ಒಂದು ದಾರಿಯಿದೆ, ಮನೆಯ ಕಪಾಟಿನಲ್ಲಿದ್ದರೆ ಅದೂ ಇಲ್ಲ. ಹಾಗಾದರೆ ಕಾನೂನನ್ನೇ ಬದಲಿಸಲಿ ಎಂದು ಕಾಕ ಅರ್ಜಿ ಬರೆಸಿದರು. ಟೈಪ್ ಮಾಡಿದವಳು ನಾನು. ಉದಾಹರಣೆಯಿದ್ದರೆ ತೂಕ ಬರುತ್ತದೆಂದು ಕಲ್ಯಾಣಪುರದ ದಿನಚರಿಯ ವಿಷಯ ಸೇರಿಸಿದವಳೂ ನಾನೇ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಕಾಕ ಸಹಿ ಕೂಡಿಸಲು ಬಸ್ಸು ಹತ್ತುತ್ತಿದ್ದರು. ಹಿರಿಯಡ್ಕ, ಕಾರ್ಕಳ, ಬಜಗೋಳಿ... "ನಿಮಗೆ ಎಂತಕ್ಕೆ ಕಾಕ ಈ ಉಸಾಬರಿ?" ಎಂದು ಜನ ನಕ್ಕರು, ನಗುತ್ತಲೇ ಸಹಿಯನ್ನೂ ಹಾಕಿದರು.

ಆ ಅರ್ಜಿಯ ಒಂದು ಪ್ರತಿ ಅದೇ ಮನೆಯ ಇನ್ನೊಬ್ಬ ವಾರಸುದಾರನ ಕೈ ಸೇರಿತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬಂತು. ಪುಸ್ತಕ ಕೂಡಲೇ ವಾಪಸು ಮಾಡಬೇಕು, ಪ್ರತಿಗಳಿದ್ದರೆ ನಾಶಮಾಡಬೇಕು, ಇಲ್ಲವಾದರೆ ಕೇಸು.

ನಾನು ಪುಕ್ಕಲು, ಒಪ್ಪಿಕೊಳ್ಳುತ್ತೇನೆ. ಅಚ್ಚಿಗೆಂದು ದಿನಚರಿಯ ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಪೊಲೀಸರು ಬಂದು ಕಂಪ್ಯೂಟರ್ ಹೊತ್ತುಕೊಂಡು ಹೋಗುವುದೇ ಕಣ್ಣ ಮುಂದೆ ಬರುತ್ತಿತ್ತು. ನೋಟಿಸನ್ನು ಎರಡನೆಯ ಸಲ ಓದಿ ಮುಗಿಸುವ ಮೊದಲೇ ಎಲ್ಲವನ್ನೂ ಅಳಿಸಿದೆ. ಒಂದನ್ನೂ ಬಿಡಲಿಲ್ಲ.

"ಒಂದು ವಾರ ನೋಡುವ ಮಗಳೇ. ಅಜ್ಜಿಯ ಪುಟವನ್ನಾದರೂ ಕೈಯಲ್ಲಿ ಬರೆದುಕೊಳ್ಳುತ್ತೇನೆ," ಎಂದರು ಕಾಕ.

"ಬೇಡ ಕಾಕ. ಇವತ್ತೇ ಕೊಟ್ಟುಬಿಡಿ. ನನಗೆ ಹೆದರಿಕೆ ಆಗುತ್ತದೆ."

ಅವರು ನನ್ನ ಮುಖ ನೋಡಿದರು. ಆಗಲಿ ಎಂದು ತಲೆಯಾಡಿಸಿದರು. ಆದರೆ ಬಿಚ್ಚಿದ ಪುಸ್ತಕವನ್ನು ಹಾಗೆಯೇ ಕೊಡುವುದು ಅವರ ಕಸುಬಿಗೆ ಒಗ್ಗದ ಮಾತು. ಅವರು ಹೊಲಿಯಲು ಕೂತರು, ನಾನು ಗೋಂದು ಕುದಿಸಿದೆ. ಹೊರಗೆ ಸ್ಕೂಟರ್ ನಿಂತ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲು ನೋಡುತ್ತಿದ್ದೆವು. ಅವರ ಸೂಜಿ ಎರಡು ಸಲ ಜಾರಿತು. ನಾನೇ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವಾಗ ಅದು ನೀಲಿಯಾಗಿರದೆ ಬೆಳ್ಳಗಿತ್ತು. ನೋಡಿದೆ, ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮೈಲುತುತ್ತಿನ ಪೊಟ್ಟಣ ಕಟ್ಟಿದ ದಾರದ ಸಮೇತ ಹಾಗೆಯೇ ಕೂತಿತ್ತು. ಪುಸ್ತಕ ಆಗಲೇ ಕಲ್ಯಾಣಪುರ ಸೇರಿತ್ತು. ಹೇಳಿದರೆ ಕಾಕ ಆ ಮನೆಯ ಬಾಗಿಲಿಗೆ ಹೋಗುತ್ತಾರೆ, ಮನೆಯವರು ಕೇಸು ಹಾಕುತ್ತಾರೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಪೊಟ್ಟಣವನ್ನು ಡಬ್ಬಿಗಳ ಹಿಂದಕ್ಕೆ ಸರಿಸಿದೆ. ಆಮೇಲೆ ಪ್ರತಿ ಮಳೆಗಾಲದಲ್ಲೂ ಗೋಡೆ ಬೆವರಿದಾಗ ಆ ಬೆಳ್ಳಗಿನ ಗೋಂದು ನೆನಪಾಗುತ್ತಿತ್ತು...

ನಾಲ್ಕನೆಯ ಮಳೆಗಾಲ ಕಳೆದ ಮೇಲೆ, ದಿನಚರಿ ತಂದುಕೊಟ್ಟಿದ್ದ ಮರಿಮಗ ನನ್ನ ಅಂಗಡಿಗೆ ಬಂದ. ಪ್ಲಾಸ್ಟಿಕ್ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ರಟ್ಟು ಗಟ್ಟಿಯಾಗಿತ್ತು. ತೆರೆದರೆ ಒಳಗೆ ಹುಳ ತಿಂದು ಬಿಟ್ಟ ಹುಡಿ.

"ಬೆನ್ನಿನಿಂದಲೇ ಶುರುವಾದದ್ದು ಮಾರಾಯ್ರೆ," ಎಂದ.

ಕಾಕ ಆಗ ಕಾಪುವಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಪುಸ್ತಕ ಉಂಟಲ್ವಾ?"

"ಉಂಟು ಕಾಕ."

"ಹಾಗಾದರೆ ತೊಂದರೆ ಇಲ್ಲ. ಕಾನೂನು ನಾಳೆಯಾದರೂ ಬದಲಾದೀತು. ಪುಸ್ತಕ ಉಳಿಯಬೇಕು, ಅಷ್ಟೇ."

ಅವರು ಅದೇ ನಂಬಿಕೆಯಲ್ಲಿ ಹೋದರು. ನಾನು ಹೇಳಿದ ಸುಳ್ಳು ಅವರ ಸಮಾಧಾನಕ್ಕೋ, ನನ್ನ ಹೆದರಿಕೆಗೋ...

ಈಗ ಮಣಿಪಾಲದ ಕೆಲವು ಹುಡುಗಿಯರು ಅದೇ ಬೇಡಿಕೆಯ ಹೊಸ ಅರ್ಜಿ ಹಿಡಿದು ಹೊರಟಿದ್ದಾರೆ. ನನ್ನಲ್ಲೇ ಉಳಿದಿದ್ದ, ಕಾಕ ಕೂಡಿಸಿದ ಸಹಿಗಳನ್ನು ಬೈಂಡ್ ಮಾಡಿಸಿ ಕೊಡಿ ಎಂದರು. ಹಾಗಾಗಿ ಆ ಮೆಟ್ಟಿಲು ಹತ್ತಿದ್ದು. ಒಳಗೆ ಗೋಂದು ಕಲಸುತ್ತಿದ್ದ ಹೆಂಗಸನ್ನು ಕೇಳಿದೆ, "ಮೈಲುತುತ್ತು ಹಾಕಿದ್ದೀರಾ ಅಮ್ಮ?"

"ಹಾಕದೆ ಆಗ್ತದಾ?" ಎಂದು ಅವರು ಪಾತ್ರೆ ವಾಲಿಸಿ ತೋರಿಸಿದರು. ನೀಲಿಯನ್ನು ಕಣ್ಣಾರೆ ಕಂಡ ಮೇಲೆಯೇ ಫೈಲು ಕೊಟ್ಟೆ.

ಅವರು ಹೊಲಿಯುವ ಮುನ್ನ ಫೈಲಿನ ಮೊದಲ ಹಾಳೆಯಲ್ಲಿ ಕಾಕನ ಅಜ್ಜಿಯ ಆ ನಾಲ್ಕು ಸಾಲನ್ನು ನೆನಪಿನಿಂದ ಬರೆಯೋಣವೆಂದು ಪೆನ್ನು ತೆಗೆದೆ. ಏಳು ವರ್ಷ ಎಂದು ಬರೆದು ನಿಲ್ಲಿಸಿದೆ. ಏಳೋ, ಎಂಟೋ... ಕೇಳೋಣವೆಂದರೆ ಪುಸ್ತಕವೂ ಇಲ್ಲ, ಕಾಕನೂ ಇಲ್ಲ.