ತಲೆಗೆ ತಾಗುವ ಬೀಮು

ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಓದಿ ಹೋದವರನ್ನು ಈಗ ಓದುತ್ತಿರುವವರಿಗೆ ಗಂಟು ಹಾಕುವ ಪದ್ಧತಿಯೊಂದಿದೆ. ಹಾಗೆ ದಾರಿ ತೋರಿಸಲು ಬರುವ ಹಿರಿಯರಲ್ಲಿ ನಮ್ಮ ಸಾಹೇಬರ ರೀತಿಯೇ ಬೇರೆ. ಉಳಿದವರು ಮಕ್ಕಳನ್ನು ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಿದರೆ, ಇವರು ಮೇಸ್ತ್ರಿಯಾದ ನಾನು ಗೋಡೆ ಏಳಿಸುತ್ತಿರುವಲ್ಲಿಗೇ ಎಳೆದು ತರುತ್ತಾರೆ. ತಮ್ಮ ಕಿವಿಯ ಮೇಲೇ ಇರುವ ಪೆನ್ಸಿಲ್ಲನ್ನು ನನ್ನ ಜೇಬಿನಲ್ಲಿ ಹುಡುಕುತ್ತಾರೆ. ಬಾಗಿಲು ಕಂಡರೆ ಸಾಕು, ಟೇಪು ಹಿಡಿಯುತ್ತಾರೆ. ಬೀಗರ ಮನೆಯ ಬಚ್ಚಲ ಬಾಗಿಲನ್ನೂ ಅಳೆದು ಉಗಿಸಿಕೊಂಡವರು. "ಸಾರ್, ಮುಂದೆ ಯಾವ ಕೆಲಸ ಹಿಡೀಲಿ?" ಎಂದು ಯಾರೇ ಕೇಳಲಿ, "ಮೊದ್ಲು ಮೆಟ್ಲು ಹತ್ತಿ ಬಾ, ಆಮೇಲೆ ಮಾತು" ಎನ್ನುತ್ತಾರೆ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಒಬ್ಬ ಹುಡುಗಿ ಬಂದಿದ್ದಳು. ನಕ್ಷೆಯಲ್ಲಿ ತಪ್ಪು ಮಾಡಿ, ಕ್ಲಾಸಿನೆದುರು ಬೈಸಿಕೊಂಡು, ಓದನ್ನೇ ಬಿಡುತ್ತೇನೆಂದು ಹೊರಟವಳು. ಸಾಹೇಬರು ಬುದ್ಧಿ ಹೇಳಲಿಲ್ಲ. ತಾವು ಮೊಟ್ಟಮೊದಲು ಕಟ್ಟಿಸಿದ ಲೈಬ್ರರಿಗೆ ನಮ್ಮಿಬ್ಬರನ್ನೂ ಕರೆದೊಯ್ದು, "ಹತ್ತಮ್ಮಾ" ಎಂದರು. ಒಂಬತ್ತನೇ ಮೆಟ್ಟಿಲಲ್ಲಿ, ಮೇಲೆ ಅಡ್ಡಲಾಗಿದ್ದ ಬೀಮಿಗೆ ಅವಳ ಹಣೆ ಬಡಿಯಿತು. ಅದಕ್ಕೊಂದು ದಿಂಬು ಕಟ್ಟಿದೆ. ಹಳೆಯದು ಸವೆದಾಗಲೆಲ್ಲ ಸಾಹೇಬರೇ ಬಂದು ಹೊಸದು ಕಟ್ಟುತ್ತಾರೆ. "ಇದರ ನಕ್ಷೆ ನಾನೇ ಬರೆದದ್ದು," ಎಂದರು. "ಇಪ್ಪತ್ತೆರಡು ವರ್ಷದಿಂದ ಜನ ಶಾಪ ಹಾಕ್ತಿದಾರೆ. ಈ ಮೇಸ್ತ್ರಿ ಅವತ್ತೇ ಬಡ್ಕೊಂಡ, ತಲೆ ತಾಗತ್ತೆ ಸಾರ್ ಅಂತ. ಇವನಿಗೇನು ಗೊತ್ತು ಅಂದ್ಕೊಂಡೆ." ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಹುಡುಗಿ ಹಣೆ ಉಜ್ಜಿಕೊಳ್ಳುತ್ತ ಅದೇ ಮೆಟ್ಟಿಲ ಮೇಲೆ ಕೂತಳು. ಚೀಲದಿಂದ ತನ್ನ ನಕ್ಷೆ ತೆಗೆದು ನನ್ನ ಮುಂದೆ ಹರಡಿದಳು. "ಅಣ್ಣಾ, ಇದ್ರಲ್ಲಿ ಎಲ್ಲೆಲ್ಲಿ ತಾಗತ್ತೆ, ಸ್ವಲ್ಪ ನೋಡಿ."