ಸೋತವರ ಗಜಗಳು

ಹೊಸೂರಿನಲ್ಲಿ ಕುಳಿತು ಅಮೆರಿಕದ ಫುಟ್‌ಬಾಲ್ ನೋಡುವುದೂ ಒಂದು ಉದ್ಯೋಗ ಎಂಬುದು ನನಗೆ ನಲವತ್ತೆರಡು ತುಂಬುವವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದೇ ನನ್ನ ಉದ್ಯೋಗವಾಯಿತು, ಅದೂ ಬದುಕಿನ ಮೊದಲನೆಯದು. ಅಲ್ಲಿಯವರೆಗೆ ಇದೇ ಊರಿನ ಮೂಕಂಡಪಲ್ಲಿಯ ಮನೆಯಲ್ಲಿ ನಮ್ಮ ಯಜಮಾನರ ಕಾರ್ಖಾನೆಯ ಶಿಫ್ಟಿಗೆ ಸರಿಯಾಗಿ ಊಟದ ಬಾಕ್ಸು ಕಟ್ಟುವುದೇ ನನ್ನ ಶಿಫ್ಟಾಗಿತ್ತು. ಮಗಳು ಕಾಲೇಜಿನ ಹಾಸ್ಟೆಲ್ಲಿಗೆ ಹೋದ ಮೇಲೆ ಮಧ್ಯಾಹ್ನಗಳು ಮುಗಿಯುವುದೇ ಕಷ್ಟವಾಯಿತು. ಹಿಂದಿನ ಬೀದಿಯ ಒಂದು ಆಫೀಸಿನ ಬಾಗಿಲಿಗೆ ಕೆಲಸಕ್ಕೆ ಬೇಕಾಗಿದ್ದಾರೆ ಎಂಬ ಕಾಗದ ಅಂಟಿಸಿದ್ದರು. ಒಳಗೆ ಹೋಗಿ ಕೇಳಿದೆ. ಮದುವೆಗೆ ಮುಂಚೆ ಕೋಲಾರದಲ್ಲಿ ಟೈಪಿಂಗ್ ಪಾಸು ಮಾಡಿದ್ದೆ. ಅಷ್ಟೇ ಸಾಕಾಯಿತು.

ಆಟದ ಬಗ್ಗೆ ಎರಡು ದಿನ ಪಾಠ ಹೇಳಿದರು. ಚೆಂಡು ಮೊಟ್ಟೆಯ ಹಾಗಿದೆ. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಗೆ. ಹಾಗಾದರೆ ಆ ಹೆಸರು ಯಾಕೆ ಎಂದು ಕೇಳಿದ್ದಕ್ಕೆ ಪಾಠ ಹೇಳಿದವರು ಮುಂದಿನ ಪುಟಕ್ಕೆ ಹೋಗಿಬಿಟ್ಟರು. ಮೈದಾನ ನೂರು ಗಜ. ಚೆಂಡು ಯಾರ ಕೈಯಲ್ಲಿದೆಯೋ ಅವರಿಗೆ ನಾಲ್ಕು ಅವಕಾಶ, ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಹೀಗೆ ಓಡುತ್ತಲೋ ಎಸೆಯುತ್ತಲೋ ಕೊನೆಯ ಗೆರೆ ದಾಟಿದರೆ ಅಂಕ. ನಾವು ಮಾಡಬೇಕಾದದ್ದು ಇಷ್ಟು: ಪಂದ್ಯದ ತುಣುಕುಗಳನ್ನು ಒಂದು ಪರದೆಯಲ್ಲಿ ನೋಡುತ್ತ, ಯಾವ ತಂಡ, ಓಡಿತೋ ಎಸೆಯಿತೋ, ಎಷ್ಟು ಗಜ ಹೋಯಿತು ಎಂದು ಇನ್ನೊಂದು ಪರದೆಯ ಶೀಟಿನಲ್ಲಿ ತುಂಬುವುದು.

ಆದರೆ ಪೂರ್ತಿ ಪಂದ್ಯ ನಮಗೆ ಸಿಗುತ್ತಿರಲಿಲ್ಲ. ಓಟ ಮತ್ತು ಎಸೆತದ ತುಣುಕುಗಳು ಮಾತ್ರ ಹೊಸೂರಿಗೆ. ಒದೆತಗಳು, ಎದುರಾಳಿ ಚೆಂಡು ಕಿತ್ತುಕೊಂಡು ಓಡಿದ್ದು, ಇವೆಲ್ಲ ಕೃಷ್ಣಗಿರಿಯ ಶಾಖೆಗೆ ಹೋಗುತ್ತಿದ್ದವು. ಅಂಕಗಳ ಜಾಗಕ್ಕೆ ಕಪ್ಪು ಪಟ್ಟಿ ಹಚ್ಚಿರುತ್ತಿದ್ದರು, ಸದ್ದನ್ನೂ ತೆಗೆದಿರುತ್ತಿದ್ದರು. ಹಾಗಾಗಿ ದಿನವಿಡೀ ಆಟ ನೋಡಿದರೂ ಯಾರು ಗೆದ್ದರು ಎಂದು ನಮಗೆ ತಿಳಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಯಜಮಾನರು ಬೂಟು ಬಿಚ್ಚುತ್ತ ಕೇಳುವರು, "ಏನಮ್ಮಾ, ಇವತ್ತು ಯಾರ್ ಗೆದ್ರು?" ನನ್ನನ್ನು ರೇಗಿಸಲಿಕ್ಕೆಂದೇ ದಿನವೂ ಕೇಳುವರು. "ನಂಗೇನ್ ಗೊತ್ತು, ಹೋಗ್ರೀ" ಎಂದು ನಾನು ಅಡುಗೆಮನೆಗೆ ನಡೆಯುವೆ.

ಗೊತ್ತಿಲ್ಲದಿದ್ದರೂ ಊಹಿಸುವುದನ್ನು ಬಿಟ್ಟಿರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಸಾನಮಾವು ಕಾಡಿನ ಅಂಚಿನ ಹಳ್ಳಿಯ ಹುಡುಗಿ ಕೂರುತ್ತಿದ್ದಳು. ಟೀ ಹೊತ್ತಿಗೆ ನಾವಿಬ್ಬರೂ ಗಜಗಳ ಮೊತ್ತ ನೋಡಿ ಗೆದ್ದವರನ್ನು ಹೇಳುವುದು, ಯಾವಾಗಲಾದರೊಮ್ಮೆ ಸೂಪರ್‌ವೈಸರನ್ನು ಕೇಳುವುದು. ಫಲಿತಾಂಶ ಅವನ ಹತ್ತಿರ ಮಾತ್ರ ಇರುತ್ತಿತ್ತು. ಹೆಚ್ಚು ಗಜ ಹೋದವರೇ ಬಹಳ ಸಲ ಗೆದ್ದಿರುತ್ತಿದ್ದರು. ನನಗೆ ಆಟ ಅರ್ಥವಾಗಿಬಿಟ್ಟಿದೆ ಎಂಬ ಜಂಬವೂ ಬಂದಿತ್ತು.

ಇದೇ ನಂಬಿಕೆಯ ಮೇಲೆ ಆಫೀಸಿನಲ್ಲಿ ಒಂದು ನಿಯಮ ನಿಂತಿತ್ತು. ಸೋತ ತಂಡಕ್ಕೆ ಗೆದ್ದ ತಂಡಕ್ಕಿಂತ ಬಹಳ ಹೆಚ್ಚು ಗಜ ಬಂದಿದ್ದರೆ ಶೀಟು ತಾನಾಗಿಯೇ ಕೆಂಪಾಗುತ್ತಿತ್ತು. ಕೆಂಪಾದರೆ ಇನ್ನೊಮ್ಮೆ ಪೂರ್ತಿ ನೋಡಬೇಕು ಎಂದು ನಿಯಮದಲ್ಲಿ ಬರೆದಿತ್ತು. ಯಾರೂ ನೋಡುತ್ತಿರಲಿಲ್ಲ. ನೋಡಲು ಅರ್ಧ ದಿನ ಬೇಕು, ಎರಡು ತಂಡದ ಹೆಸರನ್ನು ಅದಲುಬದಲು ಮಾಡಲು ಒಂದು ನಿಮಿಷ ಸಾಕು. ಅದಕ್ಕೆ 'ತಿರುವುವುದು' ಎನ್ನುತ್ತಿದ್ದರು. ತಿರುವಿದರೆ ಶೀಟು ಹಸಿರಾಗುತ್ತಿತ್ತು, ಎಲ್ಲರಿಗೂ ಸಮಾಧಾನ. ತಿರುವಿದವರ ಹೆಸರಿನ ಮುಂದೆ ಮಾತ್ರ ಒಂದು ಕೆಂಪು ಗುರುತು ಬೀಳುತ್ತಿತ್ತು. ಮೂರು ಗುರುತು ಬಿದ್ದರೆ ಆ ಪ್ರಾಜೆಕ್ಟಿನಿಂದ ಹೊರಗೆ. ಆ ಆಫೀಸಿನಲ್ಲಿ ಇದ್ದದ್ದೇ ಒಂದು ಪ್ರಾಜೆಕ್ಟು.

ನನಗೆ ಆಗಲೇ ಎರಡು ಬಿದ್ದಿದ್ದವು. ಮೊದಲನೆಯದು ನನ್ನದೇ ತಪ್ಪು. ಸ್ವಂತ ಊರಿನಲ್ಲಿ ಆಡುವ ತಂಡ ಗಾಢ ಬಣ್ಣದ ಅಂಗಿ ಹಾಕುತ್ತದೆ ಎಂದು ಕಲಿಸಿದ್ದರು. ಅವತ್ತು ಅವರು ಬಿಳಿ ಹಾಕಿಕೊಂಡು ಬಂದಿದ್ದರು, ನಾನು ಬಣ್ಣ ನೋಡಿ ತುಂಬಿಬಿಟ್ಟೆ. ಎರಡನೆಯ ಸಲ ಶೀಟು ಕೆಂಪಾದಾಗ, ಮತ್ತೆ ಅದೇ ಎಡವಟ್ಟು ಮಾಡಿರುತ್ತೇನೆ ಎಂದುಕೊಂಡು, ಎಲ್ಲರ ಹಾಗೆ ಕಣ್ಣು ಮುಚ್ಚಿ ತಿರುವಿದ್ದೆ.

ಆ ಮಂಗಳವಾರ ಬೆಳಿಗ್ಗೆ ಸೂಪರ್‌ವೈಸರ್ ನನ್ನ ಕುರ್ಚಿಯ ಹತ್ತಿರ ಬಂದು ನಿಂತ. ಕೃಷ್ಣಗಿರಿಯ ಹುಡುಗ, ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವನು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು, ನನ್ನೊಡನೆ ಕನ್ನಡ.

"ಅಕ್ಕಾ, ನಿಮ್ ಶೀಟು ಕೆಂಪಾಗೈತೆ. ಬಿಳೀ ಅಂಗಿಯವ್ರು ಸೋತವ್ರೆ. ನೀವು ನೋಡಿದ್ರೆ ಯಾರ್ಡೆಲ್ಲಾ ಅವ್ರಿಗೇ ಕೊಟ್ಬುಟ್ಟಿದ್ದೀರ. ತಿರುವಿ ಕಳ್ಸಿಬುಡಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ತಿರುವಿ ಹಾಕಾಕೆ ಇದೇನು ದೋಸೆನಾ ಸಾರ್?" ಎಂದೆ.

ಅವನು ನಗಲಿಲ್ಲ. "ಮೂರ್ನೇದು ಕಣಕ್ಕಾ. ನಂಗೂ ಬೇಜಾರೇ. ಆದ್ರೆ ರೂಲು."

ಸಂಜೆ ನಾಲ್ಕರವರೆಗೆ ಟೈಮು ಕೊಡಿ, ಇನ್ನೊಂದು ಸಲ ನೋಡುತ್ತೇನೆ ಎಂದೆ. ಇಷ್ಟು ದಿನದಲ್ಲಿ ಹಾಗೆ ಕೇಳಿದವರೇ ಇಲ್ಲ ಎಂಬಂತೆ ನನ್ನನ್ನು ನೋಡಿ, ಆಗಲಿ ಎಂದ.

ಮೊದಲಿನಿಂದ ಶುರುಮಾಡಿದೆ. ನೋಡುತ್ತಿದ್ದೆನೇ ಹೊರತು ಮನಸ್ಸೆಲ್ಲ ಮನೆಯಲ್ಲಿತ್ತು. ಕೆಲಸ ಹೋಯಿತು ಎಂದರೆ ಯಜಮಾನರು ಬೈಯುವವರಲ್ಲ. "ಹೋಗ್ಲಿ ಬುಡು, ಮನೇಲಿ ಆರಾಮಾಗಿರು" ಎನ್ನುವರು. ಪ್ರೀತಿಯಿಂದಲೇ ಹೇಳುವರು. ಆ ಮಾತನ್ನೇ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮನೆಯಲ್ಲಿ ಆರಾಮಾಗಿ ಇದ್ದು ಇದ್ದು ನನಗೆ ಸಾಕಾಗಿತ್ತು. ಕೀಲು ಸ್ವಲ್ಪ ಸಡಿಲವಾಗಿದ್ದ, ಕೂತರೆ ಎಡಕ್ಕೆ ವಾಲುತ್ತಿದ್ದ ಆ ಕುರ್ಚಿ ನನಗೆ ಬೇಕಾಗಿತ್ತು.

ಮೈದಾನದ ಎರಡೂ ತುದಿಯಲ್ಲಿ ಹುಲ್ಲಿನ ಮೇಲೆ ಆ ಊರಿನ ತಂಡದ ಹೆಸರು ಬರೆದಿರುತ್ತಾರೆ. ಅದನ್ನು ನೋಡಿದೆ, ನೀಲಿಯವರದು. ನಮಗೆ ಕೊಟ್ಟಿದ್ದ ಪಂದ್ಯಗಳ ಪಟ್ಟಿಯಲ್ಲೂ ಹಾಗೇ ಇತ್ತು. ಆಟಗಾರರ ಹೆಲ್ಮೆಟ್ಟಿನ ಮೇಲಿನ ತಂಡದ ಚಿತ್ರ ನೋಡಿದೆ, ಸರಿಯಾಗಿತ್ತು. ಹಾಗಾದರೆ ನಾನು ತುಂಬಿದ್ದೇ ಸರಿ. ಬಿಳಿಯವರೇ ಅಷ್ಟೊಂದು ಗಜ ಹೋಗಿದ್ದಾರೆ, ನೀಲಿಯವರು ಅದರ ಅರ್ಧವೂ ಇಲ್ಲ. ಆದರೂ ಸೋತಿದ್ದಾರೆ ಎಂದರೆ ಹೇಗೆ? ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಬಂತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ತಿರುವಿಬಿಡಲೇ ಎಂದು ಒಂದು ಗಳಿಗೆ ಕೈ ಮೌಸಿನ ಮೇಲೂ ಹೋಯಿತು. ತಿರುವಿದರೂ ಗುರುತು ಬೀಳುವುದು ತಪ್ಪುವುದಿಲ್ಲ ಎಂದು ನೆನಪಾಗಿ ಕೈ ತೆಗೆದೆ.

ಪಕ್ಕದ ಹುಡುಗಿ ಕದ್ದು ನೋಡುತ್ತಿದ್ದವಳು ಕುರ್ಚಿ ಎಳೆದುಕೊಂಡು ಬಂದಳು. "ಅಕ್ಕಾ, ನಮ್ಮೂರಾಗೆ ರಾಗಿ ಎದೆಮಟ್ಟ ನಿಂತಿರ್ತದೆ. ಕುಯ್ಯಾಕೆ ಇನ್ನೆಲ್ಡು ದಿನ ಅನ್ನೋವಾಗ ಆನೆ ಬಂದು ಹೋಗ್ಬುಟ್ರೆ ಮನೆಗೇನ್ ಬಂತು? ಇವ್ರು ಚೆಂಡು ಎಲ್ಲಿಗಂಟ ತಗೊಂಡೋದ್ರು ಅಂತ ನೋಡ್ಬೇಡಿ, ಕಡೇಗೆ ಏನಾಯ್ತು ನೋಡಿ."

ಅವಳ ಮಾತಿನಂತೆ ತುಣುಕುಗಳ ಕೊನೆಯನ್ನು ಮಾತ್ರ ನೋಡುತ್ತ ಹೋದೆ. ಬಿಳಿಯವರು ಎಂಬತ್ತು ತೊಂಬತ್ತು ಗಜ ಕಷ್ಟಪಟ್ಟು ಬರುವುದು, ಗೆರೆ ಕೈಗೆ ಸಿಗುವಷ್ಟು ಹತ್ತಿರ ಇರುವಾಗ ಎಸೆದ ಚೆಂಡು ನೀಲಿಯವನ ಕೈ ಸೇರುವುದು, ಅಲ್ಲಿಗೆ ನನ್ನ ತುಣುಕು ಕತ್ತರಿಸಿಹೋಗುವುದು. ಹೀಗೆ ನಾಲ್ಕು ಸಲ ಆಗಿತ್ತು. 'ಚೆಂಡು ಹೋಯಿತು' ಎಂಬ ಕಾಲಂನಲ್ಲಿ ನಾನೇ ನಾಲ್ಕು ಸಲ ಗುರುತು ಹಾಕಿದ್ದೆ. ಮೊತ್ತ ನೋಡುವ ಅವಸರದಲ್ಲಿ ಅದರ ಕಡೆ ಗಮನವೇ ಕೊಟ್ಟಿರಲಿಲ್ಲ.

ಇನ್ನೊಂದೂ ಕಣ್ಣಿಗೆ ಬಿತ್ತು. ಆಟದ ಹೊತ್ತು ಮುಗಿಯುತ್ತ ಬಂದ ಕೊನೆಯ ಭಾಗದಲ್ಲಿ ಹಿಂದೆ ಬಿದ್ದ ಬಿಳಿಯವರು ಬೇಗ ಮುಂದೆ ಹೋಗಲು ಓಡುವುದನ್ನೇ ಬಿಟ್ಟು ಬರೀ ಎಸೆಯುತ್ತಿದ್ದರು. ಅವರಿಗೆ ಬಂದ ಗಜಗಳಲ್ಲಿ ದೊಡ್ಡ ಪಾಲು ಅಲ್ಲೇ ಬಂದಿತ್ತು. ನೀಲಿಯವರು ಗಡಿಬಿಡಿಯಿಲ್ಲದೆ ಎರಡು ಗಜ ಮೂರು ಗಜ ಓಡಿ ಕಾಲ ಕಳೆಯುತ್ತಿದ್ದರು. ನಮ್ಮ ಬೀದಿಯ ತುದಿಗೆ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬರುವಾಗ ಎಲ್ಲರಿಗಿಂತ ಹೆಚ್ಚು ಓಡುವವನು ತಡವಾಗಿ ಎದ್ದವನು. ಹೊತ್ತಿಗೆ ಸರಿಯಾಗಿ ಬಂದವನು ಆಕಳಿಸುತ್ತ ನಿಂತಿರುತ್ತಾನೆ. ಯಾರು ಎಷ್ಟು ಓಡಿದರು ಎಂದು ಅಳೆದು ಬಸ್ಸು ಸಿಕ್ಕಿದ್ದು ಯಾರಿಗೆ ಎಂದು ಹೇಳಲು ಹೊರಟರೆ ನಮ್ಮ ಆಫೀಸಿನ ನಿಯಮವೇ ಆಗುತ್ತದೆ. ಬಿಳಿಯವರು ಗಜ ಗಳಿಸಿದ್ದೇ ಸೋಲುತ್ತಿದ್ದುದರಿಂದ!

ಇಷ್ಟು ಹೊಳೆದರೂ ಕೈಯಲ್ಲಿ ಪುರಾವೆ ಇರಲಿಲ್ಲ. ಚೆಂಡು ಹೋದ ಮೇಲೆ ಏನಾಯಿತು ಎಂಬುದು ಕೃಷ್ಣಗಿರಿಯಲ್ಲಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ, ಅವರ ತುಣುಕುಗಳನ್ನು ತರಿಸಿ ಎಂದೆ.

"ಹಂಗೆಲ್ಲ ಯಾರೂ ಕೇಳಿಲ್ಲ ಕಣಕ್ಕಾ. ಆಮೇಲೆ ನಿಮ್ದೇ ತಪ್ಪಾದ್ರೆ ನಂಗೂ ಮಾತು ಬರ್ತದೆ."

"ಫೋನ್ ಮಾಡಿ ಸಾರ್. ನಂದೇ ತಪ್ಪಾದ್ರೆ ನಾನೇ ಬ್ಯಾಗ್ ತಗೊಂಡ್ ಹೊಂಟೋಗ್ತೀನಿ. ಹೋಗು ಅಂತ ನೀವು ಬಾಯ್ಬುಟ್ಟು ಹೇಳೋದೂ ಬ್ಯಾಡ."

ಅವನು ಸ್ಪೀಕರ್ ಹಾಕಿ ಫೋನು ಮಾಡಿದ. ಆ ಕಡೆ ಎತ್ತಿದ ಹೆಂಗಸು ತಮಿಳಿನಲ್ಲಿ, "ಅಂದ ಮ್ಯಾಚಾ ಸಾರ್? ಅಯ್ಯಯ್ಯೋ!" ಎಂದು, ಆ ಮ್ಯಾಚಾ ಎನ್ನುವ ಹಾಗೆ, ನಕ್ಕಳು. ಆ ನಗೆ ಕೇಳಿದಾಗಲೇ ನನಗೆ ಅರ್ಧ ಉಸಿರು ಬಂತು.

ತುಣುಕುಗಳು ಬಂದವು. ನಾವು ಮೂವರೂ ಒಂದೇ ಪರದೆಯ ಮುಂದೆ ನಿಂತೆವು. ಗೆರೆಯ ಹತ್ತಿರ ಚೆಂಡು ಕಿತ್ತುಕೊಂಡ ನೀಲಿಯವನು ಅಲ್ಲಿಂದ ತಿರುಗಿ ಓಡಲು ಶುರುಮಾಡಿದ. ಓಡಿದ, ಓಡಿದ, ಮೈದಾನದ ಈ ತುದಿಯಿಂದ ಆ ತುದಿಯವರೆಗೆ. ಹಿಂದೆ ಬಿದ್ದ ಬಿಳಿಯವರು ಒಬ್ಬೊಬ್ಬರಾಗಿ ಮಂಡಿಯ ಮೇಲೆ ಕೂತುಬಿಟ್ಟರು. ಇನ್ನೊಂದು ತುಣುಕಿನಲ್ಲೂ ಹೆಚ್ಚು ಕಡಿಮೆ ಅದೇ ಕಥೆ. ಬಿಳಿಯವರು ಒದ್ದು ಕಳಿಸಿದ ಚೆಂಡನ್ನು ಹಿಡಿದು ನೀಲಿಯವರ ಒಬ್ಬ ಸಣ್ಣ ಆಳು ಎಲ್ಲರ ಸಂದಿಯಲ್ಲಿ ನುಸುಳಿ ಗೆರೆ ದಾಟಿದ್ದ. ಬಿಳಿಯವರು ಅಂಕಕ್ಕಾಗಿ ತುದಿಯ ಕಂಬಗಳ ನಡುವೆ ಒದೆಯಬೇಕಾದ ಚೆಂಡು ಎರಡು ಸಲ ಹೊರಗೆ ಹೋಗಿತ್ತು. ನೀಲಿಯವರ ಅಂಕವೆಲ್ಲ ನನ್ನ ಶೀಟಿನಲ್ಲಿ ಲೆಕ್ಕಕ್ಕೇ ಇಲ್ಲದ ಓಟಗಳಲ್ಲಿ ಬಂದಿತ್ತು.

"ಅಯ್ಯೋ, ಸರ್ಯಾಗೇ ತುಂಬಿದ್ದೀರಲ್ಲಕ್ಕಾ!" ಎಂದ ಸೂಪರ್‌ವೈಸರ್.

ಹೋದ ಜೀವ ಬಂದಂತಾಯಿತು. ಹುಡುಗಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ. ಅಲ್ಲಿ ಸ್ವಲ್ಪ ಅತ್ತೆ. ಅತ್ತಿದ್ದು ಕಾಣದಿರಲಿ ಎಂದು ಇನ್ನೊಮ್ಮೆ ತೊಳೆದುಕೊಂಡೆ. ವಾಪಸ್ ಬಂದು ಆ ವಾಲುವ ಕುರ್ಚಿಯಲ್ಲಿ ಕೂತಾಗ, ಮದುವೆಯಾಗಿ ಈ ಊರಿಗೆ ಬಂದ ಮೇಲೆ ಇಷ್ಟು ಹಗುರವಾಗಿ ಎಲ್ಲೂ ಕೂತಿರಲಿಲ್ಲ ಅನ್ನಿಸಿತು.

ಸೂಪರ್‌ವೈಸರ್ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತ ನಿಂತಿದ್ದ. "ಹಂಗಾದ್ರೆ ಇಷ್ಟ್ ದಿನ ತಿರುವಿದ್ವಲ್ಲಕ್ಕಾ, ಅವೆಲ್ಲ?" ಎಂದ ಮೆಲ್ಲಗೆ. ಅಲ್ಲಿ ಕೂತವರಲ್ಲಿ ತಿರುವದೇ ಇದ್ದವರು ಯಾರೂ ಇರಲಿಲ್ಲ.

ನನ್ನ ಎರಡನೆಯ ಕೆಂಪು ಗುರುತು ನೆನಪಾಯಿತು. ಆ ಪಂದ್ಯವನ್ನು ತೆಗೆಸಿ ನೋಡಿದೆವು. ಹುಲ್ಲಿನ ಮೇಲಿನ ಹೆಸರು, ಹೆಲ್ಮೆಟ್ಟು, ಪಟ್ಟಿ, ಎಲ್ಲವೂ ನನ್ನ ಮೊದಲ ಶೀಟಿನಂತೆಯೇ ಇದ್ದವು. ಅದೂ ಸರಿಯಾಗಿತ್ತು. ಸರಿಯಾದುದನ್ನು ನಾನೇ ನನ್ನ ಕೈಯಾರೆ ತಪ್ಪು ಮಾಡಿ, ಮೇಲೆ ಗುರುತನ್ನೂ ಹಾಕಿಸಿಕೊಂಡಿದ್ದೆ. ಅವನು ಆ ಗುರುತನ್ನು ಅಳಿಸಿದ. ಮೊದಲನೆಯದು ಉಳಿಯಿತು. ಅದು ನನ್ನದೇ, ಅದರ ಬಗ್ಗೆ ತಕರಾರಿಲ್ಲ. ಮರುದಿನದಿಂದ ಕೆಂಪಾದ ಶೀಟನ್ನು ಕೃಷ್ಣಗಿರಿಯ ತುಣುಕುಗಳ ಜೊತೆಗಿಟ್ಟು ನೋಡಬೇಕು, ನೋಡದೆ ಯಾರೂ ತಿರುವಬಾರದು ಎಂದು ಅವನೇ ಮೇಲಿನವರಿಗೆ ಬರೆದ.

ಮನೆಗೆ ಹೋಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಆ ಹಳೆಯ ಶೀಟನ್ನು ಒಂದು ನಿಮಿಷದಲ್ಲಿ ವಾಪಸ್ ತಿರುವಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಒಂದೊಂದೇ ತುಣುಕು ನೋಡಿ, ಒಂದೊಂದೇ ಸಾಲಿನಲ್ಲಿ ಸೋತವರ ಗಜಗಳನ್ನು ಸೋತವರ ಹೆಸರಿಗೇ ಬರೆದೆ. ಸೋತರೇನಾಯಿತು, ಅಷ್ಟು ದೂರ ನಡೆದು ಬಂದದ್ದು ಸುಳ್ಳಲ್ಲವಲ್ಲ. ಕಂಪ್ಯೂಟರು ಮತ್ತೆ ಶೀಟನ್ನು ಕೆಂಪು ಮಾಡಿತು. ಮಾಡಿಕೊಳ್ಳಲಿ ಎಂದು ಕಳಿಸಿಬಿಟ್ಟೆ.

ಸಂಜೆ ಯಜಮಾನರು ಬೂಟು ಬಿಚ್ಚುತ್ತ ಕೇಳಿದರು, "ಏನಮ್ಮಾ, ಇವತ್ತು ಯಾರ್ ಗೆದ್ರು?"

"ಯಾರೋ ಗೆದ್ರು ಬುಡ್ರೀ" ಎಂದೆ. "ನಾಳೆ ನಮ್ ಇಬ್ರ ಬಾಕ್ಸಿಗೂ ಏನ್ ಮಾಡ್ಲಿ, ಅದ್ ಹೇಳಿ."