ಒಗೆಯಬಾರದಿದ್ದ ಕೋಟು

ನನಗೆ ಹರಿದ ಬಟ್ಟೆ ಕಂಡರೆ ಆಗುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಅಂಗಿಯ ಹೊಲಿಗೆ ಬಿಚ್ಚಿದ್ದರೆ, ಅವರು ಇಳಿದು ಹೋಗುವ ತನಕ ನನ್ನ ಕೈ ಸುಮ್ಮನಿರುವುದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಮಶೀನಿನ ಮುಂದೆ ಕೂತವಳು ನಾನು. ಹರಕು, ಕೊಳೆ, ಕಲೆ ಇವು ಕಂಡರೆ ಮೈಯೆಲ್ಲ ಉರಿಯುತ್ತದೆ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗಲೂ ಹಾಗೇ ಮಾಡಿದೆ. ಕಾರ್ಯ ಮುಗಿದ ಮರುದಿನವೇ ಅವನ ಅಂಗಿ, ಪಂಚೆ, ರುಮಾಲು, ಕೊನೆಗೆ ಕಂಬಳಿಯನ್ನೂ ಬಿಡದೆ ಸೋಪಿನ ನೀರಿನಲ್ಲಿ ನೆನೆಹಾಕಿ ಒಗೆದು, ಮಡಿಚಿ, ಟ್ರಂಕಿನಲ್ಲಿ ಜೋಡಿಸಿ ಅವ್ವನ ಮುಂದಿಟ್ಟೆ. ಆಮೇಲೆ ಆ ಟ್ರಂಕನ್ನು ಅವಳು ತೆರೆದದ್ದನ್ನು ನಾನು ನೋಡಿಲ್ಲ. ದುಃಖಕ್ಕೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಕಾರ್ಖಾನೆಗೆ ಒಂದು ವಿಚಿತ್ರ ಆರ್ಡರು ಬಂತು. ಅಮೆರಿಕದ ಹಳೆಯ ಕುದುರೆ ಸವಾರರ ಚಿತ್ರಗಳಿರುತ್ತವಲ್ಲ, ದೊಡ್ಡ ಟೋಪಿ, ಸೊಂಟದಲ್ಲಿ ಪಿಸ್ತೂಲು, ಅಂಥದ್ದೇ ಒಂದನ್ನು ತೆಲುಗಿನಲ್ಲಿ ತೆಗೆಯುತ್ತಿದ್ದಾರಂತೆ. ಅದಕ್ಕೆ ನಲವತ್ತು ಪ್ಯಾಂಟು ಬೇಕು. ನಾವು ಮೂರು ದಿನ ಕಣ್ಣು ಕಿತ್ತು ಹೋಗುವಂತೆ ಕೂತು, ಒಂದು ದಾರ ಆಚೀಚೆ ಆಗದ ಹಾಗೆ ಹೊಲಿದೆವು. ಅವುಗಳನ್ನು ಒಯ್ಯಲು ಬಂದ ಮುದುಕರೊಬ್ಬರು ನನ್ನ ಕಣ್ಣೆದುರಿಗೇ ಒಂದನ್ನು ಎತ್ತಿಕೊಂಡು, ಮಂಡಿಯ ಹತ್ತಿರ ಮರಳು ಕಾಗದದಿಂದ ಗರಗರ ಉಜ್ಜಿದರು. ನನ್ನ ಹೊಟ್ಟೆಗೇ ಉಜ್ಜಿದಂತಾಯಿತು. ಅವರು ನನ್ನ ಮುಖ ನೋಡಿ ನಕ್ಕರು. ನನ್ನ ಕೈ ಚೆನ್ನಾಗಿದೆಯೆಂದು ಹೇಳಿ, ಶೂಟಿಂಗ್ ನಡೆಯುವ ಹದಿನೈದು ದಿನ ತಮ್ಮ ಜೊತೆ ಬರುತ್ತೀಯಾ ಎಂದು ಕೇಳಿದರು.

ಅವರೇ ಆ ಚಿತ್ರದ ಬಟ್ಟೆಗಳ ಉಸ್ತುವಾರಿ ಹೊತ್ತವರು. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಮೂಲ ಬಳ್ಳಾರಿ ಕಡೆ. ಮೀಸೆ ಮೂಡುವ ವಯಸ್ಸಿನಲ್ಲಿ ಮದ್ರಾಸಿಗೆ ಹೋಗಿ, ಸಿನಿಮಾದವರಿಗೆ ಹೊಲಿಯುತ್ತ ಮುದುಕರಾದವರು. ಬಳ್ಳಾರಿಯ ಟಾಕೀಸಿನಲ್ಲಿ ಅಮೆರಿಕದ ಅಂಥ ಚಿತ್ರವೊಂದನ್ನು ಎಂಟು ಸಲ ನೋಡಿದ್ದರಂತೆ. ಕುದುರೆಗಲ್ಲ, ಗುಂಡಿನ ಕಾಳಗಕ್ಕಲ್ಲ, ನಾಯಕನ ಕೋಟು ಅಷ್ಟು ಹಳೆಯದಾಗಿ ಕಾಣುವುದು ಹೇಗೆ ಎಂದು ತಿಳಿಯುವುದಕ್ಕೆ. ಸಾಯುವುದರೊಳಗೆ ಅಂಥದ್ದೊಂದು ಕೋಟು ಮಾಡಬೇಕು ಎಂಬುದೊಂದೇ ಅವರ ಆಸೆ. ಆ ಆಸೆಗೆ ತಕ್ಕ ಚಿತ್ರ ಸಿಕ್ಕಿದ್ದು ಈಗ, ಎಪ್ಪತ್ತರ ಹತ್ತಿರ. ಈ ಮುದುಕ ಬೇಡ, ಹೊಸಬರನ್ನು ಹಾಕಿ ಎಂದು ಹೇಳುವವರು ಆ ತಂಡದಲ್ಲಿ ಬೇಕಾದಷ್ಟಿದ್ದರು.

ಶೂಟಿಂಗ್ ನಡೆದದ್ದು ಬೊಮ್ಮನಹಾಳ್ ಕಡೆಯ ಮರಳು ದಿಬ್ಬಗಳಲ್ಲಿ. ನನ್ನ ತವರು ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರ. ಅವ್ವ, ತಮ್ಮ ಮತ್ತು ನೂರಿಪ್ಪತ್ತು ಕುರಿ ಇರುವ ಮನೆ. ನಾನು ಅಲ್ಲೇ ಉಳಿದುಕೊಂಡೆ. ಚಿಕ್ಕಂದಿನಲ್ಲಿ ಜಾರುಬಂಡೆ ಆಡಿದ ದಿಬ್ಬದ ಮೇಲೆ ಈಗ ಅಮೆರಿಕದ ಊರೊಂದು ಎದ್ದು ನಿಂತಿತ್ತು. ಹೆಂಡದಂಗಡಿ, ಬ್ಯಾಂಕು, ಜೈಲು, ಎಲ್ಲ ಮುಂಭಾಗ ಮಾತ್ರ. ಬಾಗಿಲು ತೆಗೆದು ಒಳಗೆ ಹೋದರೆ ಹಿಂದೆ ನಮ್ಮದೇ ಜಾಲಿಗಿಡ. ಒಂದು ಕಡೆ ಕಾಲುವೆಯ ಭತ್ತದ ಹಸಿರು, ಇನ್ನೊಂದು ಕಡೆ ಗುಡ್ಡದ ಸಾಲಿನಲ್ಲಿ ಕರೆಂಟು ಮಾಡುವ ಗಾಳಿ ಫ್ಯಾನುಗಳು. ಇವೆರಡೂ ಕಾಣದ ಹಾಗೆ ಕ್ಯಾಮೆರಾ ಇಡಬೇಕು. ಒಟ್ಟಿನಲ್ಲಿ ಅಮೆರಿಕ ಎಂದರೆ ನಮ್ಮ ಎರಡು ಹೊಲದಷ್ಟು ಅಗಲ. ಒಣಗಿದ ಜಾಲಿ ಮುಳ್ಳನ್ನು ಉಂಡೆ ಕಟ್ಟಿ, ಕಾಣದ ದಾರ ಕಟ್ಟಿ, ಅಮೆರಿಕದಲ್ಲಿ ಗಾಳಿಗೆ ಉರುಳುವ ಒಣಗಿಡದ ಹಾಗೆ ಬೀದಿಯಲ್ಲಿ ಉರುಳಿಸುತ್ತಿದ್ದರು. ಜೀವಮಾನವಿಡೀ ಮುಳ್ಳು ಕಡಿದು ಹಾಕಿದ ಅವ್ವ, ಮುಳ್ಳನ್ನು ಸಾಕಿ ಬೆಳೆಸುವವರನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆದರೆ ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಬೆರಗಾಗಿ ಹೋಗಿದ್ದೆ. ಒಬ್ಬ ಮಣ್ಣನ್ನು ಜರಡಿ ಹಿಡಿದು ಫ್ಯಾನಿನ ಮುಂದೆ ಎರಚುತ್ತಾನೆ, ಇನ್ನೊಬ್ಬ ಕುದುರೆಯ ಬಾಲವನ್ನು ಕೆದರಿಸುತ್ತಾನೆ, ಹತ್ತು ಜನ ಸೇರಿ ಬಿಳಿ ಬಟ್ಟೆ ಹಿಡಿದು ಬಿಸಿಲನ್ನು ತಿರುಗಿಸುತ್ತಾರೆ. ಆಮೇಲೆ ನಿರ್ದೇಶಕರ ಮುಂದಿನ ಸಣ್ಣ ಟಿ.ವಿ.ಯಲ್ಲಿ ನೋಡಿದರೆ ಅದು ನಮ್ಮೂರಲ್ಲ. ಯಾವುದೋ ಕಾಲದ ಯಾವುದೋ ಊರು. ಅಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ನಡೆದು ಬರುತ್ತಿದ್ದರೆ ನಾನು ಕೈಯ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಇದೆಲ್ಲ ಸುಳ್ಳು ಎಂದು ಗೊತ್ತಿದ್ದೂ ನಿಲ್ಲುತ್ತಿದ್ದೆ.

ಆ ಮನುಷ್ಯ ಹಾಕಿಕೊಂಡದ್ದೇ ಮಾಸ್ಟರ್ ಅವರ ಕೋಟು. ಒಣ ಹುಲ್ಲಿನ ಬಣ್ಣದ ದಪ್ಪ ಬಟ್ಟೆ, ಮೊಣಕಾಲಿನ ಕೆಳಗೆ ಬರುವಷ್ಟು ಉದ್ದ. ಅದನ್ನು ಮೂರು ತಿಂಗಳು ಚಹಾದಲ್ಲಿ ಕುದಿಸಿ, ಮಣ್ಣಲ್ಲಿ ಹೂತು, ಬಿಸಿಲಿಗೆ ಹಾಕಿ ಹಳೆಯದು ಮಾಡಿದ್ದರು. ಅಂಥವು ಮೂರಿದ್ದವು. ಒಂದು ಬೆಂಕಿಯ ದೃಶ್ಯದಲ್ಲಿ ಸುಟ್ಟಿತು, ಒಂದನ್ನು ಹೊಳೆ ದಾಟುವ ದೃಶ್ಯದಲ್ಲಿ ಮುಳ್ಳು ಸಿಗಿದು ಹಾಕಿತು. ಉಳಿದದ್ದು ಒಂದೇ.

ಗುಂಡಿನ ಕಾಳಗವನ್ನು ಎರಡು ದಿನ ತೆಗೆದರು. ಮರುದಿನ ರಜೆ. ಅದರ ಮರುದಿನ ಸಂಜೆಯ ಬಿಸಿಲಿನಲ್ಲಿ ನಾಯಕ ಸಾಯಬೇಕು. ರಜೆಯ ದಿನ ಕೋಟಿನ ಗುಂಡಿಯೊಂದು ಸಡಿಲವಾಗಿದೆ, ಬಿಗಿ ಮಾಡು ಎಂದು ಹೇಳಿ ಮಾಸ್ಟರ್ ಕೋಟನ್ನು ನನ್ನ ಕೈಗೆ ಕೊಟ್ಟು ರಾಯದುರ್ಗದ ಲಾಡ್ಜಿಗೆ ಹೋದರು.

ಗುಂಡಿ ಬಿಗಿ ಮಾಡಿದೆ. ಮಾಡಿ ಸುಮ್ಮನಿರಬೇಕಿತ್ತು. ಕೋಟನ್ನು ಅಂಗಳದ ಹಗ್ಗಕ್ಕೆ ನೇತುಹಾಕಿ ನೋಡಿದೆ. ಕತ್ತಿನ ಪಟ್ಟಿ ಜಿಡ್ಡುಗಟ್ಟಿದೆ, ಮೊಣಕೈ ಹರಿದಿದೆ, ಎಡ ಪಕ್ಕೆಯಲ್ಲಿ ಗುಂಡು ತಗುಲಿದ ತೂತು. ಕಾಳಗ ಮುಗಿಯಿತು, ನಾಳೆ ಸಾವಿನ ದೃಶ್ಯ. ನಮ್ಮಲ್ಲಿ ಎಂಥ ಬಡವನನ್ನಾದರೂ ಕೊಳೆ ಬಟ್ಟೆಯಲ್ಲಿ ಕಳಿಸುತ್ತೇವೆಯೇ? ಸಾಯುವ ಮನುಷ್ಯನಿಗೆ ಒಗೆದ ಬಟ್ಟೆಯಾದರೂ ಇರಲಿ ಎಂದು ನನ್ನ ಬುದ್ಧಿ ಹೇಳಿತು. ತೊಳೆದೆ. ಕಲ್ಲಿನ ಮೇಲೆ ಬ್ರಷ್ಷು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಒಣಗಿದ ಮೇಲೆ ಆ ಬಟ್ಟೆಯದೇ ಎಳೆ ತೆಗೆದು ತೂತಿಗೂ ಹರಕಿಗೂ ರಫು ಹಾಕಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾದ ರಫು ನಾನು ಹಾಕಿರಲಿಲ್ಲ. ಕಣ್ಣಿಗೆ ಕಾಣುವುದಿರಲಿ, ಬೆರಳಿಗೂ ಸಿಗುತ್ತಿರಲಿಲ್ಲ. ಹೊಲದಿಂದ ಬಂದ ಅವ್ವ ಅದನ್ನು ನೋಡಿ ಅಲ್ಲೇ ನಿಂತಳು.

"ಇದನ್ನ ಯಾಕ ಒಗದಿ?" ಎಂದಳು.

ಕೊಳೆಯಾಗಿತ್ತು ಎಂದೆ. ಅವಳು ಕೋಟಿನ ಕತ್ತಿನ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಇಸ್ತ್ರಿ ಹಾಕಿದ ಕೋಟನ್ನು ಎರಡೂ ಕೈಯಲ್ಲಿ ಹಿಡಿದು, ಹೊಗಳಿಕೆ ಕೇಳುವ ಆಸೆಯಿಂದಲೇ ಹೋದೆ. ಮಾಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಗುಂಡಿನ ತೂತಿದ್ದ ಜಾಗವನ್ನು ಬೆರಳಿನಿಂದ ಹುಡುಕಿದರು. ಸಾಯುವ ದೃಶ್ಯ ಬೇರೆ ದಿನದ್ದಲ್ಲವಂತೆ. ಗುಂಡು ತಗುಲಿದ ಆ ಗಳಿಗೆಯಿಂದಲೇ ಶುರುವಂತೆ. ಅರ್ಧ ತೆಗೆದಾಗಿದೆ, ಉಳಿದರ್ಧದಲ್ಲಿ ಅದೇ ಕೊಳೆ, ಅದೇ ಹರಕು ಇರಬೇಕು. ಆ ಹೊತ್ತಿಗೆ ನಿರ್ದೇಶಕರೂ ಬಂದರು. ಇದನ್ನು ಒಗೆದವರು ಯಾರು ಎಂದು ತೆಲುಗಿನಲ್ಲಿ ಕೂಗಾಡಿದರು. ನಾನೇ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಮಾಸ್ಟರ್ ಮುಂದೆ ಬಂದು, ಒಗೆಯಲು ತಾನೇ ಹೇಳಿದ್ದು, ವಯಸ್ಸಾಯಿತು, ಮರೆವು ಎಂದರು. ಸಂಜೆ ನಾಲ್ಕಕ್ಕೆ ಕೋಟು ಮೊದಲಿನಂತಾಗದಿದ್ದರೆ ಇವತ್ತೇ ಪೆಟ್ಟಿಗೆ ಕಟ್ಟಿ ಎಂದು ನಿರ್ದೇಶಕರು ಹೇಳಿ ಹೋದರು. ನಾಳೆಯಿಂದ ನಾಯಕ ಬೇರೆ ಚಿತ್ರಕ್ಕೆ ಹೋಗುವವನು. ಇವತ್ತಿನ ಬಿಸಿಲು ತಪ್ಪಿದರೆ ಮತ್ತೆ ಇಲ್ಲ.

ಮಾಸ್ಟರ್ ಅವರ ಜೀವಮಾನದ ಒಂದೇ ಆಸೆಯನ್ನು ನಾನು ಸೋಪು ಹಾಕಿ ತೊಳೆದಿದ್ದೆ. ಆದರೂ ಆ ಮನುಷ್ಯ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರಳು ಕಾಗದ, ಚಹಾ ಪುಡಿ ತೆಗೆದುಕೊಂಡು ನಮ್ಮ ಮನೆಗೇ ಬಂದರು. ಅಲ್ಲಿ ನೀರು, ಒಲೆ, ನೆರಳು ಇತ್ತು. ನನ್ನ ತಮ್ಮ ಕುರಿಗಳನ್ನು ಮೇಯಲು ಬಿಡುವ ಹೊತ್ತು. ಅವ್ವ ಕುರಿಹಟ್ಟಿಯ ಬಾಗಿಲಲ್ಲಿದ್ದಳು. ನಾನು ಅಳುತ್ತ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೋಟನ್ನು ಕೈಗೆ ತೆಗೆದುಕೊಂಡು ಮಾಸ್ಟರ್ ಅವರನ್ನು ಕೇಳಿದಳು.

"ಇದನ್ನ ಹಾಕ್ಕಳ್ಳಾಂವ ಏನು ಕೆಲಸ ಮಾಡ್ತಾನ್ರಿ?"

"ದನಾ ಕಾಯ್ತಾನವಾ. ಅಮೆರಿಕದಾಗ."

"ಎಲ್ಲಿ ಕಾದ್ರೇನ್ರಿ, ಕಾಯಾಂವ್ನ ಬಟ್ಟಿ ಮಾಸೋದು ಒಂದ ಥರ."

ಮಾಸ್ಟರ್ ಹತ್ತಿರ ಕೋಟಿನ ಫೋಟೋಗಳು ಫೋನಿನಲ್ಲಿದ್ದವು. ಅವರು ಅವನ್ನು ತೆರೆಯುವ ಮೊದಲೇ ಅವ್ವ ಬೆರಳಿಟ್ಟು ಹೇಳತೊಡಗಿದಳು. ಕತ್ತಿನ ಹಿಂದೆ ಬೆವರಿನ ಜಿಡ್ಡು. ಹಗ್ಗ ಹೊರುವ ಭುಜದ ಮೇಲೆ ಸವೆತ. ಕೈ ಒರೆಸಿಕೊಳ್ಳುವ ತೊಡೆಯ ಹತ್ತಿರ ಕಪ್ಪು. ಕುಕ್ಕರಗಾಲಲ್ಲಿ ಕೂತಾಗ ನೆಲಕ್ಕೆ ತಾಗುವ ಹಿಂದಿನ ಅಂಚಿನಲ್ಲಿ ಕೆಂಪು ಮಣ್ಣು. ಬೆನ್ನಿನ ನಡುವೆ ಮಾತ್ರ ಅಷ್ಟು ಮಾಸಿರುವುದಿಲ್ಲ, ಅಲ್ಲಿ ಬಿಸಿಲಿಗೆ ಬಣ್ಣ ಹೋಗಿರುತ್ತದೆ. ಮಾಸ್ಟರ್ ಒಂದೊಂದೇ ಫೋಟೋ ತೆಗೆದು ನೋಡಿದರು. ಎಲ್ಲವೂ ಅವಳು ಬೆರಳಿಟ್ಟಲ್ಲೇ ಇದ್ದವು. ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಅವ್ವನನ್ನೇ ನೋಡುತ್ತ ಕೂತರು. ಇದನ್ನು ಕಲಿಯಲು ತನಗೆ ಒಂದು ಜನ್ಮ ಹಿಡಿಯಿತು ಎಂದರು.

ನಮ್ಮ ಮನೆಯ ಅಂಗಳದಲ್ಲಿ ಆವತ್ತು ನಡೆದದ್ದನ್ನು ಯಾವ ಸಿನಿಮಾದಲ್ಲೂ ತೋರಿಸಲಿಕ್ಕಿಲ್ಲ. ಮಾಸ್ಟರ್ ಚಹಾ ಕುದಿಸಿ ಕೋಟನ್ನು ಅದ್ದಿ ತೆಗೆದರು. ಅವ್ವ ಅದನ್ನು ಹಸಿಯಾಗಿರುವಾಗಲೇ ಹಟ್ಟಿಯ ಬಾಗಿಲಿಗೆ ಹಾಸಿ, ನೂರಿಪ್ಪತ್ತು ಕುರಿಗಳನ್ನು ಅದರ ಮೇಲೆ ಒಮ್ಮೆ ಹೊರಗೆ, ಒಮ್ಮೆ ಒಳಗೆ ನಡೆಸಿದಳು. ಆಮೇಲೆ ಬಿಸಿಲಿಗೆ ಹಾಕಿದೆವು. ನನ್ನ ತಮ್ಮ ಟಗರಿನ ಕೊಂಬು ಹಿಡಿದು ನಿಂತ. ಮಾಸ್ಟರ್ ಕತ್ತಿನ ಪಟ್ಟಿಯನ್ನು ಅದರ ಬೆನ್ನಿನ ಉಣ್ಣೆಯ ಜಿಡ್ಡಿಗೆ ಉಜ್ಜಿದರು. ಅಮೆರಿಕದಲ್ಲಿ ಆ ಹಳೆಯ ಚಿತ್ರಗಳನ್ನು ಮಾಡುವಾಗ, ಚಿತ್ರ ಮುಗಿಯುವ ತನಕ ನಾಯಕನ ಕೋಟನ್ನು ಒಗೆಯಲು ಯಾರನ್ನೂ ಬಿಡುತ್ತಿರಲಿಲ್ಲವಂತೆ ಎಂದು ಟಗರಿನ ಬೆನ್ನು ತಿಕ್ಕುತ್ತಲೇ ಹೇಳಿದರು. ಶೇಂಗಾ ಎಣ್ಣೆ ಮತ್ತು ಒಲೆಯ ಬೂದಿ ಕಲಸಿ ಅವ್ವ ಕೋಟಿನ ತೊಡೆಯ ಕಡೆ ಕೈ ಒರೆಸಿದಳು. ಹಚ್ಚಲಿಲ್ಲ, ನಿಜವಾಗಿ ದಣಿದವರು ಒರೆಸುವ ಹಾಗೆ ಒರೆಸಿದಳು.

ನನ್ನ ಪಾಲಿಗೆ ಬಂದದ್ದು ರಫು ಬಿಚ್ಚುವ ಕೆಲಸ. ಸೂಜಿಯ ಮೊನೆಯಿಂದ ನನ್ನದೇ ಎಳೆಗಳನ್ನು ಒಂದೊಂದಾಗಿ ಕಿತ್ತೆ. ಎಷ್ಟು ಚೆನ್ನಾಗಿ ಹಾಕಿದ್ದೆನೆಂದರೆ, ನನಗೇ ಎಲ್ಲಿದೆಯೆಂದು ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಅವ್ವ ಭುಜದ ಬಟ್ಟೆಯನ್ನು ಕಲ್ಲಿನಿಂದ ಮೆಲ್ಲಗೆ ಸವೆಸುತ್ತಿದ್ದಳು. ತಲೆ ಎತ್ತದೆಯೇ ಅಂದಳು.

"ನಿಮ್ಮಪ್ಪಂದು ಎಡಗಡೆ ಸವದಿತ್ತು. ಕುರಿ ಕಾಯೋ ಬಡಿಗಿ ಆ ಹೆಗಲಿಗೆ ಹಾಕ್ತಿದ್ದ."

ನನ್ನ ಸೂಜಿ ನಿಂತಿತು. ಅವಳು ಆಪಾದನೆ ಮಾಡುವ ದನಿಯಲ್ಲಿ ಹೇಳಲಿಲ್ಲ. ನೆನಪಾಗಿದ್ದನ್ನು ಹೇಳಿದಳು, ಅಷ್ಟೆ. ಟ್ರಂಕಿನಲ್ಲಿ ನಾನು ಮಡಿಚಿಟ್ಟ ಅಂಗಿಗಳಲ್ಲಿ ಬೆವರಿನ ಗುರುತಿಲ್ಲ, ಕುರಿಯ ವಾಸನೆಯಿಲ್ಲ, ಹರಕುಗಳನ್ನೂ ನಾನು ಬಿಟ್ಟಿರಲಿಲ್ಲ. ಎಡಭುಜದ ಸವೆತಕ್ಕೂ ತೇಪೆ ಹಾಕಿದ್ದೆ. ನಾಲ್ಕು ವರ್ಷದಿಂದ ಅವಳು ಯಾಕೆ ಆ ಟ್ರಂಕು ತೆರೆಯಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಅದರಲ್ಲಿ ನೋಡಲು ಏನನ್ನೂ ನಾನು ಉಳಿಸಿರಲಿಲ್ಲ. ಕ್ಷಮಿಸು ಎಂದು ಹೇಳಬೇಕೆನಿಸಿತು. ತಲೆ ತಗ್ಗಿಸಿ ಎಳೆ ಕೀಳುತ್ತಲೇ ಇದ್ದೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೋಟು ದಿಬ್ಬಕ್ಕೆ ಹೋಯಿತು. ಅವ್ವನೂ ಜೊತೆಗೆ ಬಂದಳು. ನಿರ್ದೇಶಕರು ಫೋನಿನ ಫೋಟೋ ನೋಡಿದರು, ಕೋಟು ನೋಡಿದರು, ತಿರುಗಿಸಿ ಬೆನ್ನು ನೋಡಿದರು, ಮೂಗಿಗೆ ಹತ್ತಿರ ಹಿಡಿದು ಮುಖ ಹಿಂದೆ ಸರಿಸಿದರು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೇಳಿ ಮಾಸ್ಟರ್ ಅವರ ಹೆಗಲ ಮೇಲೆ ಕೈಯಿಟ್ಟರು. ಮಾಸ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು.

ಹೊತ್ತು ಇಳಿದ ಮೇಲೆ ನಾಯಕ ಕೋಟು ಹಾಕಿಕೊಂಡ. ನಮಗೆ ಬೆನ್ನು ಹಾಕಿ, ಮುಳುಗುವ ಸೂರ್ಯನ ಕಡೆಗೆ ಮರಳಿನಲ್ಲಿ ನಡೆಯತೊಡಗಿದ. ಅವನ ಮುಖ ಕಾಣುತ್ತಿರಲಿಲ್ಲ, ಆ ಕೋಟು ಮಾತ್ರ ಕಾಣುತ್ತಿತ್ತು. ಜಿಡ್ಡಿನ ಕತ್ತು, ಬಣ್ಣ ಹೋದ ಬೆನ್ನು, ಕೆಂಪು ಅಂಚು. ಸಂಜೆ ಕುರಿ ಹೊಡೆದುಕೊಂಡು ಬರುತ್ತಿದ್ದ ಅಪ್ಪ ಇದೇ ದಿಬ್ಬ ಹತ್ತಿ ಇಳಿಯುತ್ತಿದ್ದದ್ದು. ಪಕ್ಕಕ್ಕೆ ನೋಡಿದೆ. ಕೂತಿದ್ದ ಅವ್ವ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ನಾಯಕ ಎರಡು ಹೆಜ್ಜೆ ತಡವರಿಸಿ, ಮಂಡಿಯೂರಿ, ಮರಳಿಗೆ ಬಿದ್ದ.

ಕಟ್ ಎಂದರು. ಚಪ್ಪಾಳೆ ಬಿತ್ತು. ನಾಯಕ ನಗುತ್ತ ಎದ್ದು ಕೋಟಿನ ಮರಳು ಕೊಡವಲು ಕೈ ಎತ್ತಿದ. ಅವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಜಾಡಿಸ್ಬ್ಯಾಡ ಅಂತ ಹೇಳವಾ ಅವಂಗ," ಎಂದಳು.

ನಾನು ಚಪ್ಪಲಿ ಅಲ್ಲೇ ಬಿಟ್ಟು ಮರಳಿನಲ್ಲಿ ಓಡಿದೆ.